ಪುರಾನಾ ಪುಲ್ ಕಟ್ಟಿಸಿದ್ದು ಭಾಗಮತಿಗಾಗಿಯೇ?

ಪ್ರಶ್ನೆ: ಹೈದರಾಬಾದಿನ ಹಳೇ ಸೇತುವೆ ಪುರಾನಾ ಪುಲ್ ಹುಟ್ಟಿದ್ದು ಒಂದು ಪ್ರೇಮಕಥೆಯಿಂದ ಅಂತಾರಲ್ಲ, ನಿಜಾನಾ?

ಉತ್ತರ: ಕಥೆ ಚೆನ್ನಾಗಿದೆ, ಆದರೆ ವಯಸ್ಸಿನ ಲೆಕ್ಕ ಕೂಡಿಬರುವುದಿಲ್ಲ. ಮೂಸಿ ನದಿ ತುಂಬಿ ಹರಿಯುತ್ತಿದ್ದಾಗ ರಾಜಕುಮಾರ ಮಹಮ್ಮದ್ ಕುಲಿ ಕುದುರೆ ಸಮೇತ ನೀರಿಗಿಳಿದು, ಆಚೆ ದಡದಲ್ಲಿದ್ದ ತನ್ನ ಪ್ರೇಯಸಿ ಭಾಗಮತಿಯನ್ನು ನೋಡಲು ಹೋದನಂತೆ. ಮಗನ ಜೀವಕ್ಕೆ ಹೆದರಿದ ಅಪ್ಪ ಸೇತುವೆ ಕಟ್ಟಿಸಿದನಂತೆ. ಆ ಅಪ್ಪ ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುಲಿ ಕುತುಬ್ ಶಾ. ಸೇತುವೆ ಮುಗಿದದ್ದು 1578ರಲ್ಲಿ. ಆಗ ಮಗನಿಗೆ ಹದಿಮೂರರ ಆಸುಪಾಸು. ಕಲ್ಲಿನ 22 ಕಮಾನು ಒಂದೆರಡು ತಿಂಗಳಲ್ಲಿ ಏಳುವುದಿಲ್ಲ. ಕೆಲಸ ಶುರುವಾದಾಗ ಹುಡುಗ ಇನ್ನೂ ಚಿಕ್ಕವನು, ಅಲ್ವಾ?

ನಿಜವಾದ ಕಾರಣ ವ್ಯಾಪಾರ ಮತ್ತು ಜಾಗದ ಅಭಾವ. ಗೋಲ್ಕೊಂಡ ಕೋಟೆಯಲ್ಲಿ ಜನ ಜಾಸ್ತಿಯಾಗಿದ್ದರು, ನೀರು ಸಾಲುತ್ತಿರಲಿಲ್ಲ. ಬಯಲು ಇದ್ದದ್ದು ನದಿಯ ಆಚೆ. ಮಚಲೀಪಟ್ಟಣದ ಬಂದರಿಗೆ ಹೋಗುವ ದಾರಿಯೂ ಆ ಕಡೆಯೇ. ಕೋಟೆಗೂ ನದಿಗೂ ನಡುವೆ ಕಾರವಾನ್ ಎಂಬ ಬಡಾವಣೆಯಲ್ಲಿ ವಜ್ರದ ವ್ಯಾಪಾರಿಗಳು ನೆಲೆಸಿದ್ದರು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಸರಕು ನಿಂತರೆ ನಷ್ಟ ಎಲ್ಲರಿಗೂ.

ನನಗೆ ಇದರಲ್ಲಿ ತುಂಬಾ ಹಿಡಿಸುವ ಸಂಗತಿ ಇನ್ನೊಂದಿದೆ. ಈ ಸೇತುವೆ ಹೈದರಾಬಾದಿಗಿಂತ ಹಳೆಯದು! ಮಹಮ್ಮದ್ ಕುಲಿ ಸುಲ್ತಾನನಾಗಿ ಚಾರ್‌ಮಿನಾರ್ ಕಟ್ಟಿಸಿ ಹೊಸ ಊರಿಗೆ ಅಡಿಪಾಯ ಹಾಕಿದ್ದು 1591ರಲ್ಲಿ. ದಾಟಲು ದಾರಿ ಮೊದಲು ಆಯ್ತು, ಊರು ಆಮೇಲೆ ಬಂತು. ಹದಿನೇಳನೇ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವಜ್ರದ ವ್ಯಾಪಾರಿ ತಾವೆರ್ನಿಯೆ ಇದನ್ನು ಪ್ಯಾರಿಸ್‌ನ ಪಾಂ ನಫ್ ಸೇತುವೆಗೆ ಹೋಲಿಸಿ ಹೊಗಳಿದ್ದಾನೆ.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಪುರಾನಾ ಪುಲ್ ಏಟು ತಿಂದರೂ ನಿಂತಿತು. ಅದಾದ ಮೇಲೆಯೇ ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿದ್ದು. ಅವರ ಸಲಹೆಯಂತೆ ಮೇಲ್ಭಾಗದಲ್ಲಿ ನೀರು ತಡೆಯುವ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಎದ್ದವು.

ಈಗ ವಾಹನಗಳಿಗೆ ಪಕ್ಕದಲ್ಲಿ ಬೇರೆ ಸೇತುವೆ ಇದೆ. ಹಳೆಯದರ ಮೇಲೆ ತರಕಾರಿ ಸಂತೆ. ಟೊಮೇಟೊ, ಸೊಪ್ಪಿನ ರಾಶಿಗಳ ನಡುವೆ ನಿಂತರೆ ಕಾಲಡಿಯಲ್ಲಿ ನದಿ ಇದೆ ಅನ್ನೋದೇ ಗೊತ್ತಾಗುವುದಿಲ್ಲ. ಸಂತೆ ಇರಲಿ, ಜನ ಓಡಾಡುವ ಸೇತುವೆಗೆ ಕಳೆ ಜಾಸ್ತಿ. ಆದರೆ ಕಮಾನಿನ ಬುಡಕ್ಕೆ ಕಸ ಸುರಿಯುವುದು, ಕಲ್ಲಿನ ಸಂದಿಯಲ್ಲಿ ಗಿಡ ಬೇರೂರಲು ಬಿಡುವುದು ನಿಲ್ಲಬೇಕು. ನೋಡಲು ಹೋದವರು ಹೊಸ ಸೇತುವೆಯ ಕಡೆಯಿಂದ ನೋಡಿ. ಕಮಾನುಗಳ ಸಾಲು ಕಾಣುವುದು ಅಲ್ಲಿಂದಲೇ.