ಪದ ಪರಿಚಯ: ಪಿಗ್ ಲಾಂಚರ್, ಪಿಗ್ ರಿಸೀವರ್

ಹಾಸನ ಜಿಲ್ಲೆಯ ಹೊಲಗಳ ನಡುವೆ 'ಇಲ್ಲಿ ಅಗೆಯಬೇಡಿ' ಎನ್ನುವ ಎಚ್ಚರಿಕೆಯ ಕಂಬಗಳನ್ನು ನೀವು ನೋಡಿರಬಹುದು. ಅಂಥ ಕೆಲವು ಕಂಬಗಳ ಕೆಳಗೆ ಪೆಟ್ರೋಲ್, ಡೀಸೆಲ್ ಹರಿಯುತ್ತಿರುತ್ತದೆ. ಅದು ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್. ಉದ್ದ ಸುಮಾರು 360 ಕಿ.ಮೀ., 2003ರಿಂದ ಕೆಲಸ ಮಾಡುತ್ತಿದೆ. ಮಂಗಳೂರಿಂದ ಹಾಸನದವರೆಗೆ 24 ಇಂಚಿನ ಕೊಳವೆ, ಹಾಸನದಿಂದ ಮುಂದೆ 20 ಇಂಚಿನದು. ಇಷ್ಟು ಉದ್ದದ ಕೊಳವೆಯ ಒಳಗೆ ಸೇರಿದ ತುಕ್ಕು, ಕೆಸರು, ತಳದಲ್ಲಿ ನಿಂತ ನೀರನ್ನು ತೆಗೆಯುವುದು ಹೇಗೆ? ಎಲ್ಲ ಕಡೆ ಅಗೆದು ನೋಡೋಕಾಗಲ್ಲ ಅಲ್ವಾ?

ಅದಕ್ಕೇ ಪಿಗ್ ಇರುವುದು. ಹಂದಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಬಗ್ಗೆ ಕತೆಗಳು ಬೇಕಾದಷ್ಟಿವೆ, ಬಿಡಿ. ಪಾಲಿಯುರಿಥೇನ್ ಎನ್ನುವ ರಬ್ಬರಿನಂಥ ವಸ್ತುವಿನ ಬಿಲ್ಲೆಗಳನ್ನು ಜೋಡಿಸಿದ ಉರುಟು ಸಾಧನ ಇದು. ಕೊಳವೆಯ ಗೋಡೆಗೆ ಬಿಗಿಯಾಗಿ ಕೂರುತ್ತದೆ. ಹಿಂದಿನಿಂದ ಬರುವ ಎಣ್ಣೆಯೇ ಅದನ್ನು ತಳ್ಳಿಕೊಂಡು ಹೋಗುತ್ತದೆ. 'ಇಂಟೆಲಿಜೆಂಟ್ ಪಿಗ್' ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಮ್ಯಾಗ್ನೆಟ್, ಸೆನ್ಸರ್, ಬ್ಯಾಟರಿ ಎಲ್ಲ ಇರುತ್ತವೆ. ಉಕ್ಕು ಎಲ್ಲಿ ಸವೆದಿದೆ ಎಂದು ದಾಖಲಿಸಿಕೊಳ್ಳುತ್ತಾ ಹೋಗುತ್ತದೆ.

ಈ ಪಿಗ್ಗನ್ನು ಒತ್ತಡವಿರುವ ಕೊಳವೆಗೆ ಇಳಿಸುವ ಜಾಗವೇ ಲಾಂಚರ್. ಇನ್ನೊಂದು ತುದಿಯಲ್ಲಿ ಹಿಡಿದು ಹೊರಗೆ ತೆಗೆಯುವ ಜಾಗ ರಿಸೀವರ್. 24 ಇಂಚಿಗೆ ಮಾಡಿದ ಮಾಮೂಲಿ ಪಿಗ್ 20 ಇಂಚಿನ ಕೊಳವೆಯೊಳಗೆ ಹೋಗುವುದಿಲ್ಲ. ಹಾಗಾಗಿ ಅಳತೆ ಬದಲಾಗುವ ಕಡೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ವ್ಯವಸ್ಥೆ ಬೇಕು.

ನೋಡೋಕೆ ಎರಡೂ ಹೆಚ್ಚು ಕಡಿಮೆ ಒಂದೇ ಥರ. ದಪ್ಪನೆಯ ಒಂದು ಬ್ಯಾರೆಲ್, ಅದರ ತುದಿಗೆ ಬಾಗಿಲು. ಪಿಗ್ಗಿನ ಬಿಲ್ಲೆಗಳು ಕೊಳವೆಗಿಂತ ಸ್ವಲ್ಪ ದೊಡ್ಡವು, ಅದಕ್ಕೇ ಅಷ್ಟು ಬಿಗಿ. ಅದೇ ಅಳತೆಯ ಬ್ಯಾರೆಲ್ ಇಟ್ಟರೆ ಒಳಗೆ ತಳ್ಳುವುದೇ ಕಷ್ಟ. ಹಾಗಾಗಿ ಬ್ಯಾರೆಲ್ಲನ್ನು ಕೊಳವೆಗಿಂತ ಕೆಲವು ಇಂಚು ಅಗಲ ಮಾಡಿ, ಮುಂದೆ ರೆಡ್ಯೂಸರ್ ಎನ್ನುವ ಕಿರಿದಾಗುತ್ತಾ ಹೋಗುವ ತುಂಡು ಹಾಕಿ ಕೊಳವೆಯ ಅಳತೆಗೆ ಇಳಿಸುತ್ತಾರೆ. ಮಲಗಿಸಿದ ಲಾಂಚರಿನಲ್ಲಿ ರೆಡ್ಯೂಸರಿನ ತಳ ಸಮವಾಗಿರಬೇಕು. ಇಲ್ಲದಿದ್ದರೆ ಪಿಗ್ಗಿನ ಮೂತಿ ಮೆಟ್ಟಿಲಿಗೆ ಬಡಿದು ನಿಲ್ಲುತ್ತದೆ. ಮುಂದಿನ ಬಿಲ್ಲೆ ಸಣ್ಣ ಭಾಗದೊಳಗೆ ಬಿಗಿಯಾಗಿ ಕೂತರೇನೇ ಕೆಲಸ. ಕೂರದಿದ್ದರೆ ಎಣ್ಣೆ ಪಕ್ಕದಿಂದ ನುಸುಳಿಕೊಂಡು ಹೋಗುತ್ತದೆ, ಪಿಗ್ ಸುಮ್ನೆ ಅಲ್ಲೇ ಇರುತ್ತದೆ.

ಪಿಗ್ಗನ್ನು ಹಿಂದಿನಿಂದ ತಳ್ಳುವ ಎಣ್ಣೆ ಬಾಗಿಲ ಹತ್ತಿರ ಸೇರುವ ಸಣ್ಣ ಕೊಳವೆಯಿಂದ ಬರುತ್ತದೆ. ಅದಕ್ಕೆ ಕಿಕ್ಕರ್ ಲೈನ್ ಅನ್ನುತ್ತಾರೆ. ಬ್ಯಾರೆಲ್ ತುಂಬುವಾಗ ಪಿಗ್ಗಿನ ಹಿಂದೆ ಮಾತ್ರ ಒತ್ತಡ ಏರಿದರೆ ಅದು ನುಗ್ಗಿ, ಬ್ಯಾರೆಲ್ಲಿಗೂ ಮುಖ್ಯ ಕೊಳವೆಗೂ ನಡುವೆ ಮುಚ್ಚಿರುವ ವಾಲ್ವಿಗೆ ಗುದ್ದುತ್ತದೆ. ಆದ್ದರಿಂದ ಹಿಂದೆ ಮುಂದೆ ಎರಡೂ ಕಡೆ ಒಟ್ಟಿಗೆ ಒತ್ತಡ ಏರುವಂತೆ ಒಂದು ಬ್ಯಾಲೆನ್ಸ್ ಲೈನ್ ಕೊಡುತ್ತಾರೆ. ಪಿಗ್ ದಾಟುವ ವಾಲ್ವ್ ಪೂರ್ತಿ ತೆರೆಯುವಂಥದ್ದೇ ಆಗಬೇಕು, ಸಾಮಾನ್ಯವಾಗಿ ಬಾಲ್ ವಾಲ್ವ್ ಹಾಕುತ್ತಾರೆ; ಒಳದಾರಿಯಲ್ಲಿ ಏನೂ ಅಡ್ಡ ಇರಬಾರದು. ಪಿಗ್ ಹೊರಟಿತು ಎಂದು ಹೇಳುವುದಕ್ಕೆ ಮುಂದೆ ಒಂದು ಸಿಗ್ನಲರ್.

ಇವೆಲ್ಲ ಸರಿ, ನನ್ನ ಪ್ರಕಾರ ವಿನ್ಯಾಸದ ಜೀವ ಇರುವುದು ಬಾಗಿಲಲ್ಲಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಕರಾವಳಿಯಿಂದ ಅಷ್ಟು ಎತ್ತರಕ್ಕೆ ಡೀಸೆಲ್ ಏರಿಸಲು ಹೆಚ್ಚು ಕಡಿಮೆ 75 ಬಾರ್ ಒತ್ತಡ ಬೇಕು (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಹರಿವಿನ ಘರ್ಷಣೆಗೆ ಬೇಕಾಗುವುದು ಬೇರೆ. ಇಂಥ ಲೈನಿಗೆ ಸೇರಿದ ಬಾಗಿಲನ್ನು ಮನುಷ್ಯರು ಕೈಯಿಂದ ತೆಗೆಯುತ್ತಾರೆ. ಒತ್ತಡ ಪೂರ್ತಿ ಇಳಿಸಿಯೇ ತೆಗೆಯುತ್ತಾರೆ, ನಿಜ. ಆದರೆ ಒಂದೇ ಒಂದು ಬಾರ್ ಉಳಿದಿದ್ದರೆ? 28 ಇಂಚಿನ ಬಾಗಿಲ ಮೇಲೆ ಅದು ಸುಮಾರು 4 ಟನ್ ತೂಕದಷ್ಟು ಒತ್ತುತ್ತದೆ. ನೂರು ಬಾರ್ ತೋರಿಸುವ ಗೇಜಿನಲ್ಲಿ ಒಂದು ಬಾರ್ ಅಂದರೆ ಮುಳ್ಳು ಅಲುಗಿದಂತೆಯೂ ಕಾಣುವುದಿಲ್ಲ.

ಹಾಗಾಗಿ ಗೇಜನ್ನು ಮಾತ್ರ ನಂಬುವುದಿಲ್ಲ. ಬಾಗಿಲಿಗೆ ಎಚ್ಚರಿಕೆಯ ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚದೆ ಬಾಗಿಲ ಬೀಗ ತಿರುಗುವುದಿಲ್ಲ; ಬಿಚ್ಚುವಾಗ ಒಳಗೆ ಏನಾದರೂ ಉಳಿದಿದ್ದರೆ ಬುಸ್ ಎಂದು ಹೇಳಿಬಿಡುತ್ತದೆ. ಒತ್ತಡ ಇರುವಾಗ ಮುಚ್ಚಳ ಬಿಡದ ಕುಕ್ಕರಿನ ಬುದ್ಧಿ ಇದು. ಮೇಲೆ ಗಾಳಿ ಬಿಡುವ ವೆಂಟ್, ಕೆಳಗೆ ಎಣ್ಣೆ ಇಳಿಸುವ ಡ್ರೈನ್ ಎರಡೂ ಬೇಕು. ಪಿಗ್ಗಿನ ಹಿಂದೆ ಮುಂದೆ ಎರಡು ಬೇರೆ ಕೋಣೆಗಳಾಗಿ ಎಣ್ಣೆ ಸಿಕ್ಕಿಕೊಳ್ಳಬಹುದು, ಅದಕ್ಕೆ ಎರಡೂ ಕಡೆ ಡ್ರೈನ್ ಇಡುವುದು ಜಾಣತನ. ಬಿಸಿಲಿಗೆ ಕಾದ ಬ್ಯಾರೆಲ್ಲಿನಲ್ಲಿ ಎಣ್ಣೆ ಹಿಗ್ಗಿ ಒತ್ತಡ ತಾನಾಗೇ ಏರುತ್ತದೆ, ಅದಕ್ಕೊಂದು ರಿಲೀಫ್ ವಾಲ್ವ್. ಬಾಗಿಲ ಎದುರಿಗೆ ನೇರವಾಗಿ ಆಫೀಸು, ಟ್ಯಾಂಕು, ದಾರಿ ಯಾವುದೂ ಬರಬಾರದು. ತೆರೆಯುವವರೂ ಪಕ್ಕದಲ್ಲೇ ನಿಲ್ಲಬೇಕು.

ರಿಸೀವರ್ ಲಾಂಚರಿಗಿಂತ ಉದ್ದ ಜಾಸ್ತಿ. ಪಿಗ್ ಪೂರ್ತಿ ಒಳಗೆ ಬಂದು ವಾಲ್ವನ್ನು ದಾಟಿ ನಿಲ್ಲಬೇಕು. ಬಾಲ ವಾಲ್ವಿನಲ್ಲೇ ಉಳಿದರೆ ಮುಚ್ಚೋಕೂ ಆಗಲ್ಲ, ತೆಗೆಯೋಕೂ ಆಗಲ್ಲ. ಜೊತೆಗೆ ದಾರಿಯುದ್ದಕ್ಕೂ ಬಳಿದು ತಂದ ಕೆಸರಿಗೂ ಜಾಗ ಬೇಕು. ಇಂಟೆಲಿಜೆಂಟ್ ಪಿಗ್ ಕೆಲವು ಮೀಟರ್ ಉದ್ದ ಇರುತ್ತದೆ. ಬರೀ ಕ್ಲೀನಿಂಗ್ ಪಿಗ್ಗಿನ ಲೆಕ್ಕದಲ್ಲಿ ಬ್ಯಾರೆಲ್ ಮಾಡಿಸಿದರೆ ತಪಾಸಣೆಯ ಹೊತ್ತಿಗೆ ಅದನ್ನು ಕತ್ತರಿಸಿ ಉದ್ದ ಮಾಡಬೇಕಾಗುತ್ತದೆ. ಬಾಗಿಲ ಮುಂದೆ ಅಷ್ಟೇ ಉದ್ದದ ಖಾಲಿ ನೆಲ, ಎತ್ತಲು ಕ್ರೇನ್ ಬರುವಷ್ಟು ದಾರಿ, ಸೋರಿದ ಎಣ್ಣೆ ಮಣ್ಣಿಗೆ ಇಳಿಯದಂತೆ ಕಾಂಕ್ರೀಟ್ ತೊಟ್ಟಿ. ಜಾಗ ಕೊಳ್ಳುವಾಗಲೇ ಇವನ್ನೂ ನಕ್ಷೆಯಲ್ಲಿ ಗುರುತು ಮಾಡಿರಬೇಕು.