ಕಾಯಿಸಿದರೆ ಮೊದಲ ಪಾಲು ನೀರಿಗೆ

ಕಲುಷಿತ ಮಣ್ಣನ್ನು ಕಾಯಿಸಿ ಶುದ್ಧ ಮಾಡಿಸಲು ಬರುವವರು ಎಷ್ಟು ಡಿಗ್ರಿ ಬೇಕೆಂದು ಕೇಳುತ್ತಾರೆ. ನಾನು ಮಣ್ಣಿನಲ್ಲಿ ತೇವ ಎಷ್ಟಿದೆಯೆಂದು ಕೇಳುತ್ತೇನೆ.

ವಿಯೆಟ್ನಾಮಿನ ಡಾ ನಾಂಗ್ ವಿಮಾನ ನಿಲ್ದಾಣದ ಮಣ್ಣಿನಲ್ಲಿ ಯುದ್ಧಕಾಲದಲ್ಲಿ ಅಮೆರಿಕ ಬಳಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕ ಬಿಟ್ಟುಹೋದ ಡಯಾಕ್ಸಿನ್ ಎಂಬ ವಿಷ ಇತ್ತು. 2012ರಲ್ಲಿ ಆರಂಭವಾದ ಯೋಜನೆಯಲ್ಲಿ ಆ ಮಣ್ಣನ್ನು ಅಗೆದು, ಕಾಂಕ್ರೀಟ್ ಗೋಡೆಗಳ ನಡುವೆ ಪೇರಿಸಿ, ಒಳಗೆ ಇಳಿಬಿಟ್ಟ ವಿದ್ಯುತ್ ಕೊಳವೆಗಳಿಂದ 335 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಎರಡು ಹಂತಗಳಲ್ಲಿ ಹೀಗೆ ಕಾಯಿಸಿದ್ದು ಸುಮಾರು 90,000 ಘನ ಮೀಟರ್.

ಇಂಥ ರಾಶಿಯ ತಾಪಮಾನದ ಗೆರೆ 100ರ ಹತ್ತಿರ ಬಂದು ಮಲಗಿಬಿಡುತ್ತದೆ. ವಿದ್ಯುತ್ ಹರಿಯುತ್ತಲೇ ಇರುತ್ತದೆ, ಗೆರೆ ಏಳುವುದಿಲ್ಲ. ಹಣ ಕೊಟ್ಟವರಿಗೆ ಗಾಬರಿ. ಲೆಕ್ಕ ಸರಳ: ಒಂದು ಕಿಲೋ ಒಣ ಮಣ್ಣನ್ನು 335 ಡಿಗ್ರಿಗೆ ಏರಿಸಲು ಬೇಕಾದ ಶಾಖಕ್ಕಿಂತ ಅದಕ್ಕೆ 200 ಗ್ರಾಂ ನೀರು ಸೇರಿದ್ದರೆ ಆ ನೀರನ್ನು ಆವಿ ಮಾಡಲು ಸುಮಾರು ಎರಡು ಪಟ್ಟು ಶಾಖ ಬೇಕು. ಆದ್ದರಿಂದ ಅಗೆದ ಮಣ್ಣಿನ ಮೇಲೆ ಮಳೆಗೆ ಮೊದಲೇ ಟಾರ್ಪಾಲ್ ಹೊದಿಸುವ ಮೇಸ್ತ್ರಿ ನನಗೆ ದುಬಾರಿ ಯಂತ್ರಕ್ಕಿಂತ ಹೆಚ್ಚು ಬೇಕಾದವನು.

ತೇವ ತಗ್ಗಿಸಲು ಸುಟ್ಟ ಸುಣ್ಣ ಬೆರೆಸುವುದುಂಟು. ಅದು ನೀರನ್ನು ಹೀರಿಕೊಂಡು ತಾನೇ ಬಿಸಿಯಾಗುತ್ತದೆ. ಆ ಬಿಸಿಗೆ ಪೆಟ್ರೋಲಿನಂಥ ಹಗುರ ಎಣ್ಣೆಗಳೂ ಆವಿಯಾಗುತ್ತವೆ. ಬಯಲಲ್ಲೇ ಬೆರೆಸಿದರೆ ಮಾಲಿನ್ಯ ಕೆಲಸಗಾರರ ಮೂಗಿಗೆ ವರ್ಗವಾಯಿತಷ್ಟೆ. ಕ್ಲೋರಿನ್ ಅಂಟಿಕೊಂಡ ವಿಷಗಳಿಗಾದರೆ ಸೋಡಿಯಂ ಬೈಕಾರ್ಬನೇಟ್, ಅಂದರೆ ನಮ್ಮ ಅಡುಗೆ ಸೋಡಾವನ್ನೇ ಬೆರೆಸಿ ಕಾಯಿಸುವ ವಿಧಾನವಿದೆ.

ಇನ್ನೊಂದು ದಾರಿ ಪರ್ಸಲ್ಫೇಟ್, ಅಂದರೆ ಮಾಲಿನ್ಯವನ್ನು ಉತ್ಕರ್ಷಿಸಿ ಒಡೆಯುವ ರಾಸಾಯನಿಕ. ಅದಕ್ಕೆ ಇಷ್ಟು ಬಿಸಿ ಬೇಡ. ನೆಲದೊಳಗೆ 40 ಡಿಗ್ರಿಯ ಆಸುಪಾಸು ಮುಟ್ಟಿಸಿದರೂ ಅದು ಒಡೆದು ಪೆಟ್ರೋಲಿನಲ್ಲಿರುವ ಬೆಂಜೀನ್‌ನಂಥವನ್ನು ಕಡಿದುಹಾಕುತ್ತದೆ. ಇಲ್ಲಿ ತೇವದ ಕಾಟವಿಲ್ಲ, ಆದರೆ ಪಾಲು ಕೇಳುವುದು ಮಣ್ಣಿನ ಸಾವಯವ ಅಂಶ. ಕೊಳೆತ ಎಲೆ, ಬೇರು ಹೆಚ್ಚಿದ್ದಲ್ಲಿ ಅವೇ ಬಹುಪಾಲು ಪರ್ಸಲ್ಫೇಟನ್ನು ಮುಗಿಸಿಬಿಡುತ್ತವೆ. ಅದೇ ಜಾಗದ ಮಣ್ಣನ್ನು ಬಾಟಲಿಯಲ್ಲಿಟ್ಟು, ಅದು ಎಷ್ಟು ಪರ್ಸಲ್ಫೇಟ್ ನುಂಗುತ್ತದೆಂದು ಅಳೆಯದೆ ಇಷ್ಟು ಚೀಲ ಬೇಕೆಂದು ಲೆಕ್ಕ ಕೊಡುವವರನ್ನು ನಾನು ನಂಬುವುದಿಲ್ಲ. ಎಣ್ಣೆಯ ಜೊತೆ ಕ್ರೋಮಿಯಂ ಲೋಹ ಕೂಡ ಇದ್ದರಂತೂ ಈ ದಾರಿಗೆ ನಾನು ಸುಲಭಕ್ಕೆ ಒಪ್ಪುವುದಿಲ್ಲ: ಎಣ್ಣೆಯನ್ನು ಕಡಿಯುವ ರಾಸಾಯನಿಕವೇ ಸುಮ್ಮನಿದ್ದ ಕ್ರೋಮಿಯಂ ಅನ್ನು ನೀರಿನಲ್ಲಿ ಕರಗಿ ಬಾವಿಯವರೆಗೂ ಹರಿಯಬಲ್ಲ ವಿಷರೂಪಕ್ಕೆ ತಿರುಗಿಸಬಹುದು.