ಲಂಡನ್‌ನಲ್ಲಿ ಎಲ್‌ಎಲ್‌ಎಂ ಮುಗಿಸಿದರೆ ಸಾಲಿಸಿಟರ್ ಆಗಬಹುದೇ?

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿಎ ಎಲ್‌ಎಲ್‌ಬಿ ಮುಗಿಸಿದ್ದಾಳೆ. ಲಂಡನ್‌ನಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಮಾಡಿದರೆ ಅಲ್ಲಿಯೇ ಸಾಲಿಸಿಟರ್ ಆಗಬಹುದು ಎಂದು ವಿದೇಶಿ ವ್ಯಾಸಂಗದ ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ಅದರ ಜೊತೆಗೆ ಎಲ್‌ಪಿಸಿ ಎಂಬ ಕೋರ್ಸನ್ನೂ ಮಾಡಲೇಬೇಕು ಎಂದು ಅವಳ ಸೀನಿಯರ್ ಹೇಳಿದ್ದಾರೆ. ಯಾವುದು ಸರಿ?

ಉತ್ತರ: ಸಲಹೆಗಾರರು ಹೇಳಿದ್ದು ಎಂದೂ ಸರಿಯಾಗಿರಲಿಲ್ಲ. ಸೀನಿಯರ್ ಹೇಳಿದ್ದು ಕೆಲವು ವರ್ಷಗಳ ಹಿಂದೆ ಸರಿಯಾಗಿತ್ತು.

ಕಾನೂನು ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರತಿವರ್ಷ ಈ ಪ್ರಶ್ನೆ ನನಗೆ ಬರುತ್ತದೆ. ಪ್ರತಿವರ್ಷವೂ ಉತ್ತರಿಸಿದ್ದೇನೆ. ಆದರೂ ಮತ್ತೆ ಬರೆಯುತ್ತೇನೆ, ಏಕೆಂದರೆ ಇದರ ಹಿಂದೆ ಒಂದು ಮನೆಯ ಉಳಿತಾಯವಿರುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಶಿಕ್ಷಣ ಸಾಲ ತೆಗೆದುಕೊಂಡು ಅಂತರರಾಷ್ಟ್ರೀಯ ವಾಣಿಜ್ಯ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡಿದ. ಒಳ್ಳೆಯ ಅಂಕಗಳೇ ಬಂದವು. ಘಟಿಕೋತ್ಸವ ಮುಗಿದ ಮೇಲೆ ಸಾಲಿಸಿಟರ್ ಎಂದು ಹೆಸರು ನೋಂದಾಯಿಸುವುದು ಹೇಗೆ ಎಂದು ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ವಿಚಾರಿಸಿದ. ಅದಕ್ಕೂ ತಮಗೂ ಸಂಬಂಧವಿಲ್ಲ ಎಂಬ ಉತ್ತರ ಬಂತು. ಅವನು ನನಗೆ ಫೋನ್ ಮಾಡಿದ್ದು ಅಂದು ರಾತ್ರಿ. ಒಂದು ವರ್ಷ ಮೊದಲೇ ಮಾಡಿದ್ದರೆ ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ.

ಎಲ್‌ಎಲ್‌ಎಂ ಕಾನೂನಿನ ಒಂದು ಸ್ನಾತಕೋತ್ತರ ಪದವಿ. ಅದನ್ನು ಕೊಡುವುದು ವಿಶ್ವವಿದ್ಯಾಲಯ. ಸಾಲಿಸಿಟರ್ ಎಂಬುದು ಒಂದು ಸನ್ನದು, ಅಂದರೆ ಕಕ್ಷಿದಾರರ ಕಾನೂನು ಕೆಲಸ ನೋಡಿಕೊಳ್ಳುವ ವಕೀಲರಾಗಿ ವೃತ್ತಿ ನಡೆಸಲು ಕೊಡುವ ಪರವಾನಗಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ಕೊಡುವುದು ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ, ಅಂದರೆ ಎಸ್‌ಆರ್‌ಎ. ಎಲ್‌ಎಲ್‌ಬಿ ಪ್ರಮಾಣಪತ್ರ ಹಿಡಿದುಕೊಂಡು ನೇರವಾಗಿ ನ್ಯಾಯಾಲಯದಲ್ಲಿ ನಿಂತು ವಾದಿಸಲು ನಮ್ಮಲ್ಲಿ ಬಿಡುತ್ತಾರೆಯೇ? ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. ಈ ವ್ಯತ್ಯಾಸ ಇಲ್ಲಿ ಎಲ್ಲರಿಗೂ ಗೊತ್ತು. ವಿಮಾನ ಹತ್ತಿದ ಕೂಡಲೇ ಅದು ಮರೆತುಹೋಗುವುದೇಕೆ ಎಂಬುದು ನನಗೆ ಅರ್ಥವಾಗದ ಸಂಗತಿ.

ಈ ತಪ್ಪು ತಿಳಿವಳಿಕೆಗೆ ನನಗೆ ಕಾಣುವ ಬೇರುಗಳು ಎರಡು. ಒಂದು ಹಳೆಯದು. ‘ಲಂಡನ್‌ಗೆ ಹೋಗಿ ಬ್ಯಾರಿಸ್ಟರ್ ಓದಿ ಬಂದರು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿನಲ್ಲಿರುವ ‘ಓದಿ’ ಎಂಬ ಪದವೇ ದಾರಿ ತಪ್ಪಿಸಿದೆ. ಗಾಂಧೀಜಿಯವರು 1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆದದ್ದು ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆಯ ಮೂಲಕ. ಅಲ್ಲಿ ಪರೀಕ್ಷೆ ಬರೆಯುವುದರ ಜೊತೆಗೆ, ಸಂಸ್ಥೆಯ ಭೋಜನಶಾಲೆಯಲ್ಲಿ ನಿಗದಿತ ಸಂಖ್ಯೆಯ ಊಟಗಳಿಗೆ ಹಾಜರಾಗಬೇಕಿತ್ತು. ಅಂಬೇಡ್ಕರ್ ಅವರ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿ ಅವರು 1921ರಲ್ಲಿ ಎಂಎಸ್‌ಸಿ, 1923ರಲ್ಲಿ ಡಿಎಸ್‌ಸಿ ಪದವಿ ಪಡೆದರು. ಅಷ್ಟು ದೊಡ್ಡ ಪದವಿಗಳೂ ಅವರನ್ನು ಬ್ಯಾರಿಸ್ಟರ್ ಮಾಡಲಿಲ್ಲ. ಅದಕ್ಕಾಗಿ ಅವರು ಗ್ರೇಸ್ ಇನ್ ಎಂಬ ವಕೀಲರ ಸಂಸ್ಥೆಯ ಬಾಗಿಲನ್ನು ಪ್ರತ್ಯೇಕವಾಗಿ ತಟ್ಟಬೇಕಾಯಿತು. ನೂರು ವರ್ಷಗಳ ಹಿಂದೆ ಬೇರೆ ಬೇರೆಯಾಗಿದ್ದ ಆ ಎರಡು ಬಾಗಿಲುಗಳು ಇಂದಿಗೂ ಬೇರೆ ಬೇರೆಯಾಗಿಯೇ ಇವೆ. ಅಂದಹಾಗೆ ಇವರಿಬ್ಬರೂ ಬ್ಯಾರಿಸ್ಟರ್‌ಗಳು, ಮುಖ್ಯವಾಗಿ ನ್ಯಾಯಾಲಯದಲ್ಲಿ ವಾದಿಸುವ ವರ್ಗದವರು. ಕಕ್ಷಿದಾರನನ್ನು ಕೂರಿಸಿಕೊಂಡು ಮಾತನಾಡಿ, ಕರಾರು, ಉಯಿಲು, ಆಸ್ತಿ ವರ್ಗಾವಣೆ, ದಾವೆಯ ಕಾಗದಪತ್ರಗಳನ್ನೆಲ್ಲ ನೋಡಿಕೊಳ್ಳುವವರು ಸಾಲಿಸಿಟರ್‌ಗಳು. ಇವೆರಡು ಬೇರೆ ವೃತ್ತಿಗಳು, ಅವುಗಳ ತರಬೇತಿಯೂ ಬೇರೆ.

ಎರಡನೆಯ ಬೇರು ಹೊಸದು. ಎಲ್‌ಪಿಸಿ, ಅಂದರೆ ಸಾಲಿಸಿಟರ್ ಆಗುವವರಿಗಿದ್ದ ಲೀಗಲ್ ಪ್ರ್ಯಾಕ್ಟೀಸ್ ಕೋರ್ಸ್, ಕಲಿಸುತ್ತಿದ್ದ ಕೆಲವು ಸಂಸ್ಥೆಗಳು ಅದಕ್ಕೆ ಇನ್ನಷ್ಟು ಪಾಠ ಸೇರಿಸಿ ‘ಎಲ್‌ಎಲ್‌ಎಂ’ ಎಂಬ ಹೆಸರಿನಲ್ಲಿ ಕೊಡತೊಡಗಿದವು. ಇದಕ್ಕೊಂದು ಲೆಕ್ಕಾಚಾರವಿತ್ತು. 2016ರಿಂದ ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ಪದವಿಗೆ ಸರ್ಕಾರಿ ಸಾಲ ಸಿಗುತ್ತದೆ. ಬರಿಯ ಎಲ್‌ಪಿಸಿಗೆ ಆ ಸಾಲ ಸಿಗುತ್ತಿರಲಿಲ್ಲ, ಎಲ್‌ಎಲ್‌ಎಂ ಎಂಬ ಹೆಸರಿದ್ದರೆ ಸಿಗುತ್ತಿತ್ತು. ಹೀಗೆ ಎಲ್‌ಎಲ್‌ಎಂ ಮಾಡಿ ಸಾಲಿಸಿಟರ್ ಆದವರು ನಿಜಕ್ಕೂ ಇದ್ದಾರೆ. ಆದರೆ ಅವರನ್ನು ಮುಂದಕ್ಕೆ ದಾಟಿಸಿದ್ದು ಒಳಗಿದ್ದ ಎಲ್‌ಪಿಸಿ. ಈಗಲೂ, ಎಲ್‌ಪಿಸಿಯ ಬದಲಿಗೆ ಬಂದಿರುವ ಹೊಸ ಪರೀಕ್ಷೆಯ ತಯಾರಿಯನ್ನು ಎಲ್‌ಎಲ್‌ಎಂ ಹೆಸರಿನೊಳಗೆ ಸೇರಿಸಿ ಮಾರುವ ಸಂಸ್ಥೆಗಳಿವೆ. ಅಲ್ಲಿಯೂ ಲೆಕ್ಕಕ್ಕೆ ಬರುವುದು ನೀವು ಬರೆಯುವ ಪರೀಕ್ಷೆ ಮಾತ್ರ. ಕಡಲ ಕಾನೂನು, ಮಾನವ ಹಕ್ಕು, ಬೌದ್ಧಿಕ ಆಸ್ತಿಯಂತಹ ವಿಷಯಗಳ ಸಾಮಾನ್ಯ ಎಲ್‌ಎಲ್‌ಎಂನಲ್ಲಿ ಆ ತಯಾರಿಯೂ ಇರುವುದಿಲ್ಲ.

ಎಲ್‌ಎಲ್‌ಎಂ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅಧ್ಯಾಪನ, ಸಂಶೋಧನೆ, ಒಂದು ವಿಷಯದಲ್ಲಿ ಆಳವಾದ ಜ್ಞಾನ ಬೇಕೆನ್ನುವವರಿಗೆ ಅದು ಒಳ್ಳೆಯ ಓದು. ಅದು ಕಲಿಸುವುದೇ ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ಮನೆ ಕೊಳ್ಳುತ್ತಿರುವ ಕಕ್ಷಿದಾರ 30,400 ಪೌಂಡ್ ಕಳುಹಿಸುತ್ತಾನೆ. ಅದರಲ್ಲಿ 30,000 ಮನೆಯ ಮುಂಗಡ, 400 ನಿಮ್ಮ ಹಳೆಯ ಬಿಲ್ಲಿನ ಬಾಕಿ. ಇಡೀ ಹಣ ಒಂದೇ ಕಂತಿನಲ್ಲಿ ಬಂದಿದೆ. ಅದು ಯಾವ ಖಾತೆಯಲ್ಲಿರಬೇಕು? ಕಕ್ಷಿದಾರರ ಹಣ ಒಂದು ಖಾತೆಯಲ್ಲಿ, ಕಚೇರಿಯ ಹಣ ಇನ್ನೊಂದರಲ್ಲಿ ಇರಬೇಕು, ಬೆರೆತು ಬಂದ ಹಣವನ್ನು ತಡಮಾಡದೆ ಬೇರ್ಪಡಿಸಬೇಕು. ಇದರಲ್ಲಿ ಎಡವುವುದು ವೃತ್ತಿಯನ್ನೇ ಕಳೆದುಕೊಳ್ಳುವಷ್ಟು ಗಂಭೀರವಾಗಬಲ್ಲದು. ಯಾವ ಎಲ್‌ಎಲ್‌ಎಂ ಪ್ರಬಂಧವೂ ಇದನ್ನು ಕಲಿಸುವುದಿಲ್ಲ. ಇನ್ನೊಂದು: ನಮ್ಮಲ್ಲಿ ಕೊಳ್ಳುವವರೂ ಮಾರುವವರೂ ಉಪನೋಂದಣಿ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿ ಕ್ರಯಪತ್ರ ನೋಂದಾಯಿಸುತ್ತಾರೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ಸಾಲಿಸಿಟರ್‌ಗಳೇ ಕಾಗದಪತ್ರ ಮುಗಿಸುತ್ತಾರೆ. ಮಾರುವವನ ಮನೆಯ ಮೇಲೆ ಬ್ಯಾಂಕಿನ ಅಡಮಾನವಿದ್ದರೆ, ಅದನ್ನು ತೀರಿಸುತ್ತೇವೆ ಎಂದು ಅವನ ಸಾಲಿಸಿಟರ್ ವಾಗ್ದಾನ ಕೊಡುತ್ತಾರೆ. ಆ ಮಾತಿನ ನಂಬಿಕೆಯ ಮೇಲೆ ಲಕ್ಷಾಂತರ ಪೌಂಡ್ ಕೈ ಬದಲಾಗುತ್ತದೆ. ಕೊಟ್ಟ ಮಾತು ನಡೆಸದಿದ್ದರೆ ಸಾಲಿಸಿಟರ್ ಶಿಸ್ತುಕ್ರಮ ಎದುರಿಸಬೇಕಾಗುತ್ತದೆ. ಒಂದು ವೃತ್ತಿ ತನ್ನವರ ಮಾತಿಗೆ ಅಷ್ಟು ಬೆಲೆ ಕಟ್ಟಿದೆ ಎಂಬುದನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಇದನ್ನೆಲ್ಲ ಕಲಿಸಲೆಂದೇ ಇರುವುದು ವೃತ್ತಿ ತರಬೇತಿ.

ಈಗ ಎಲ್‌ಪಿಸಿ ವಿಷಯ. 1993ರಲ್ಲಿ ಆರಂಭವಾದ ಇದು ಪೂರ್ಣಾವಧಿಯಾದರೆ ಸುಮಾರು ಒಂದು ವರ್ಷದ ಕೋರ್ಸು. ವ್ಯಾಪಾರ ಕಾನೂನು, ಆಸ್ತಿ, ದಾವೆ ಎಂಬ ಮೂರು ಮುಖ್ಯ ವಿಷಯಗಳು, ಜೊತೆಗೆ ಕಕ್ಷಿದಾರರ ಸಂದರ್ಶನ, ಕರಡು ಬರೆಯುವುದು, ವಾದ ಮಂಡನೆ, ಲೆಕ್ಕಪತ್ರ. ಅದಾದ ಮೇಲೆ ಕಾನೂನು ಸಂಸ್ಥೆಯೊಂದರಲ್ಲಿ ಎರಡು ವರ್ಷಗಳ ತರಬೇತಿ ಒಪ್ಪಂದ. ಹಿಂದೆ ಇದನ್ನೇ ಆರ್ಟಿಕಲ್ಸ್ ಎನ್ನುತ್ತಿದ್ದರು. ನಮ್ಮಲ್ಲಿ ಸಿಎ ಓದುವವರಿಗೆ ಆರ್ಟಿಕಲ್‌ಶಿಪ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಕೋರ್ಸು ಚೆನ್ನಾಗಿತ್ತು, ವ್ಯವಸ್ಥೆ ಕ್ರೂರವಾಗಿತ್ತು. ಲಂಡನ್‌ನಲ್ಲಿ ಶುಲ್ಕ 15,000 ಪೌಂಡ್ ದಾಟಿತ್ತು. ಅಷ್ಟು ಹಣ ತೆತ್ತು ಪಾಸಾದವರಲ್ಲಿ ಅನೇಕರಿಗೆ ತರಬೇತಿ ಒಪ್ಪಂದವೇ ಸಿಗದೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಯಿತು.

2021ರ ಸೆಪ್ಟೆಂಬರ್ 1ರಿಂದ ಹೊಸ ದಾರಿ ಬಂದಿದೆ. ಅದರ ಹೆಸರು ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಶನ್, ಚಿಕ್ಕದಾಗಿ ಎಸ್‌ಕ್ಯುಇ. ಅದಕ್ಕಿಂತ ಮೊದಲೇ ಅಲ್ಲಿ ಕಾನೂನು ಓದಲು ಆರಂಭಿಸಿದ್ದವರಿಗೆ 2032ರ ಕೊನೆಯವರೆಗೆ ಎಲ್‌ಪಿಸಿ ದಾರಿ ತೆರೆದಿರುತ್ತದೆ. ನಿಮ್ಮ ಮಗಳ ದಾರಿ ಎಸ್‌ಕ್ಯುಇ. ಇದಕ್ಕೆ ನಾಲ್ಕು ಅಂಗಗಳಿವೆ: ಯಾವುದಾದರೂ ವಿಷಯದಲ್ಲಿ ಒಂದು ಪದವಿ, ಎರಡು ಹಂತದ ಪರೀಕ್ಷೆ, ಎರಡು ವರ್ಷಗಳ ಕೆಲಸದ ಅನುಭವ, ನಡತೆಯ ಪರಿಶೀಲನೆ. ಪದವಿ ಅವಳ ಕೈಯಲ್ಲಿ ಈಗಾಗಲೇ ಇದೆ. ಎಲ್‌ಎಲ್‌ಎಂ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಮೊದಲ ಹಂತದಲ್ಲಿ ಎರಡು ಪತ್ರಿಕೆಗಳು, ಒಂದೊಂದರಲ್ಲಿ 180 ಪ್ರಶ್ನೆಗಳು. ಪ್ರತಿ ಪ್ರಶ್ನೆಗೂ ಐದು ಉತ್ತರಗಳಿದ್ದು ಅತ್ಯಂತ ಸೂಕ್ತವಾದುದನ್ನು ಆರಿಸಬೇಕು. 90 ಪ್ರಶ್ನೆಗಳ ಒಂದು ಭಾಗಕ್ಕೆ ಎರಡು ಗಂಟೆ 33 ನಿಮಿಷ, ಅಂದರೆ ಒಂದು ಪ್ರಶ್ನೆಗೆ 102 ಸೆಕೆಂಡು. ಪುಸ್ತಕ ನೋಡಿ ಬರೆಯುವಂತಿಲ್ಲ. 2021ರ ನವೆಂಬರ್‌ನಲ್ಲಿ ಮೊದಲ ಬಾರಿ ನಡೆದಾಗ ಪಾಸಾದವರು ಶೇ 53. ಬಹುಆಯ್ಕೆ ಪ್ರಶ್ನೆ ತಾನೇ ಎಂದು ಹಗುರವಾಗಿ ಕಾಣುವವರಿಗೆ ಈ ಸಂಖ್ಯೆ ಸಾಕು. ಎರಡನೆಯ ಹಂತದಲ್ಲಿ 16 ಕಾರ್ಯಗಳು: 12 ಲಿಖಿತ, 4 ಮೌಖಿಕ. ನಟರೊಬ್ಬರು ಕಕ್ಷಿದಾರರಾಗಿ ಎದುರು ಕುಳಿತಿರುತ್ತಾರೆ, ಅವರನ್ನು ಮಾತನಾಡಿಸಿ ವಿಷಯ ಹೊರತೆಗೆಯಬೇಕು. ಮೊದಲ ಹಂತವನ್ನು ಹಲವು ದೇಶಗಳ ಕೇಂದ್ರಗಳಲ್ಲಿ ಬರೆಯಬಹುದು, ಮೌಖಿಕಕ್ಕೆ ಇಂಗ್ಲೆಂಡ್ ಅಥವಾ ವೇಲ್ಸ್‌ಗೇ ಹೋಗಬೇಕು. 2024ರ ಸೆಪ್ಟೆಂಬರ್‌ನಿಂದ ಎರಡೂ ಹಂತಗಳ ಶುಲ್ಕ ಒಟ್ಟು 4,790 ಪೌಂಡ್ ಆಗಿತ್ತು, ಅದು ಆಗಾಗ ಏರುತ್ತದೆ. ತಯಾರಿಯ ಖರ್ಚು ಬೇರೆ. ಪಾಸಾದರೆ ವೀಸಾ ತಾನಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಂದ ದೂರವಿರಿ.

ಅನುಭವದ ವಿಷಯದಲ್ಲಿ ಹೊಸ ನಿಯಮ ನಿಜವಾಗಿಯೂ ಉದಾರವಾಗಿದೆ. ಎರಡು ವರ್ಷಗಳನ್ನು ನಾಲ್ಕು ಸಂಸ್ಥೆಗಳವರೆಗೆ ಹಂಚಿಕೊಳ್ಳಬಹುದು, ಉಚಿತ ಕಾನೂನು ನೆರವು ಕೇಂದ್ರದ ಕೆಲಸವೂ ಎಣಿಕೆಗೆ ಬರುತ್ತದೆ, ಇಂಗ್ಲೆಂಡಿನ ಹೊರಗೆ ಮಾಡಿದ್ದೂ ನಡೆಯುತ್ತದೆ. ಬೆಂಗಳೂರಿನ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ಮಾಡಿದ ಕೆಲಸವೂ ಆಗಬಹುದು. ಆದರೆ ಅದನ್ನು ದೃಢೀಕರಿಸಲು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಒಬ್ಬರು ಬೇಕು. ಅವರು ನೀವು ಕೆಲಸ ಮಾಡಿದ ಸಂಸ್ಥೆಯ ಹೊರಗಿನವರಾದರೆ ನಿಮ್ಮ ಕೆಲಸವನ್ನು ಪರಿಶೀಲಿಸಿ, ನಿಮ್ಮ ಮೇಲ್ವಿಚಾರಕರ ಅಭಿಪ್ರಾಯ ಪಡೆದಿರಬೇಕು. ಇನ್ನು ಬೇರೆ ದೇಶದಲ್ಲಿ ಸನ್ನದು ಪಡೆದ ವಕೀಲರಿಗೆ ಈ ಎರಡು ವರ್ಷಗಳ ಅನುಭವದ ಷರತ್ತೇ ಇಲ್ಲ. ಅನುಭವಿಗಳು ಎರಡನೆಯ ಹಂತದಿಂದ ವಿನಾಯಿತಿಯನ್ನೂ ಕೇಳಬಹುದು, ಪ್ರತಿ ಅರ್ಜಿಯನ್ನೂ ಎಸ್‌ಆರ್‌ಎ ಬೇರೆಯಾಗಿ ನೋಡಿ ತೀರ್ಮಾನಿಸುತ್ತದೆ. ಹಾಗಾಗಿ ನನ್ನ ಸಲಹೆ: ಮಗಳು ಮೊದಲು ಇಲ್ಲಿ ಸನ್ನದು ಪಡೆಯಲಿ, ಒಳ್ಳೆಯ ವಕೀಲರ ಕಚೇರಿಯಲ್ಲಿ ಒಂದೆರಡು ವರ್ಷ ದುಡಿಯಲಿ, ಇಲ್ಲಿದ್ದುಕೊಂಡೇ ಮೊದಲ ಹಂತಕ್ಕೆ ಓದಲಿ. ಹೊರಡುವ ಮಾತು ಆಮೇಲೆ.

ಇಷ್ಟು ಹೇಳುವಾಗ ‘ಬ್ರಿಟನ್’ ಎಂದು ಎಲ್ಲಿಯೂ ಬರೆದಿಲ್ಲ, ಗಮನಿಸಿ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಸಾಲಿಸಿಟರ್ ಆಗುವ ದಾರಿಗಳು ಬೇರೆಯೇ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಎಲ್‌ಎಲ್‌ಎಂ ಮಾಡಿ ಲಂಡನ್‌ನಲ್ಲಿ ಸಾಲಿಸಿಟರ್ ಆಗುತ್ತೇನೆ ಎನ್ನುವವರೂ ನನಗೆ ಬರೆಯುತ್ತಾರೆ.

ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ: ಪದವಿಗೂ ಸನ್ನದಿಗೂ ನಡುವೆ ಇಂತಹ ತರಬೇತಿ ನಮ್ಮಲ್ಲಿ ಏಕಿಲ್ಲ? ಸ್ವಲ್ಪ ಕಾಲ ಇತ್ತು. ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ಕಡ್ಡಾಯ ತರಬೇತಿಯ ನಿಯಮ ತಂದಿತು. ಅಂತಹ ನಿಯಮ ಮಾಡಲು 1961ರ ವಕೀಲರ ಕಾಯ್ದೆ ಪರಿಷತ್ತಿಗೆ ಅಧಿಕಾರ ಕೊಟ್ಟಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಅದನ್ನು ರದ್ದು ಮಾಡಿತು. ಆ ತೀರ್ಪು ಸರಿಯಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2023ರಲ್ಲಿ ಹೇಳಿತು. ಅಷ್ಟರೊಳಗೆ ಸಂಸತ್ತೇ ಆ ಅಧಿಕಾರವನ್ನು ಸ್ಪಷ್ಟವಾಗಿ ಕೊಡಬಹುದಿತ್ತು ಎಂಬುದು ನನ್ನ ಹಳೆಯ ಕೊರಗು. ಮುಂಬೈಯಲ್ಲಿ ಮಾತ್ರ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿಯವರ ಸಾಲಿಸಿಟರ್ ಪರೀಕ್ಷೆ ಉಳಿದುಕೊಂಡಿದೆ. ಅದಕ್ಕೆ ಮೂರು ವರ್ಷ ಆರ್ಟಿಕಲ್‌ಶಿಪ್ ಮಾಡಬೇಕು, ಪಾಸಾಗುವುದು ಬಹಳ ಕಷ್ಟ. ಕಾಯ್ದೆಯ ಪ್ರಕಾರ ಅವರಿಗೆ ಪ್ರತ್ಯೇಕ ವರ್ಗವಿಲ್ಲದಿದ್ದರೂ ಅಲ್ಲಿನ ಕಚೇರಿಗಳಲ್ಲಿ ಆ ಹೆಸರಿಗೆ ಇಂದಿಗೂ ಗೌರವವಿದೆ. ನಮ್ಮ ದೇಶದ ಸಾಲಿಸಿಟರ್ ಜನರಲ್ ಹುದ್ದೆಗೂ ಈ ವೃತ್ತಿಗೂ ಸಂಬಂಧವಿಲ್ಲ. ಅವರು ಕೇಂದ್ರ ಸರ್ಕಾರದ ಪರ ವಾದಿಸುವ ಕಾನೂನು ಅಧಿಕಾರಿ.

ನಮ್ಮ ಕಿರಿಯ ವಕೀಲರು ಕಲಿಯುವುದು ಸೀನಿಯರ್ ಕಚೇರಿಯಲ್ಲಿ. ಆ ಸೀನಿಯರ್ ಎಂತಹವರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಲವರು ಮೊದಲ ದಿನವೇ ಕರಡು ಬರೆಸಿ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ, ಇನ್ನು ಕೆಲವರು ವರ್ಷವಿಡೀ ವಾಯಿದೆ ತೆಗೆದುಕೊಂಡು ಬರಲು ಮಾತ್ರ ಕಳುಹಿಸುತ್ತಾರೆ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆಲ್ಲ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ: ದಿನಾಂಕ, ಯಾವ ಕಾಗದ, ತಾನು ಬರೆದದ್ದೇನು, ಯಾರು ತಿದ್ದಿದರು, ಏನು ತಿದ್ದಿದರು. ಎಸ್‌ಆರ್‌ಎಗೆ ಅನುಭವ ತೋರಿಸಬೇಕಾದ ದಿನ ಬಂದರೆ ಈ ಟಿಪ್ಪಣಿಗಳು ಬಹಳ ನೆರವಾಗುತ್ತವೆ. ನಿಮ್ಮ ಮಗಳು ಯಾವ ಕಚೇರಿಗೆ ಸೇರಿದರೂ ಮೊದಲ ದಿನದಿಂದಲೇ ಅದನ್ನು ಬರೆಯಲು ಆರಂಭಿಸಲಿ. ಮೂರು ತಿಂಗಳಾದರೂ ಪುಟಗಳಲ್ಲಿ ವಾಯಿದೆಯ ದಿನಾಂಕಗಳು ಮಾತ್ರ ಕಂಡರೆ ಕಚೇರಿ ಬದಲಿಸಲಿ.